ಲವಂಗದೆಣ್ಣೆಯ ಹತ್ತಿ

ನನ್ನ ಕೋಣೆಯಲ್ಲಿ ಒಂದು ತಪ್ಪಿನ ಪುಸ್ತಕವಿದೆ. ರೋಗಾಣುಗಳನ್ನು ಬೆಳೆಸಿ, ಅವುಗಳ ಮೇಲೆ ಹೊಸ ಔಷಧಿಗಳನ್ನು ಪರೀಕ್ಷಿಸುವ ಪ್ರಯೋಗಾಲಯ ನಮ್ಮದು. ಪ್ರೊಫೆಸರುಗಳು ಬರುತ್ತಾರೆ, ಹೋಗುತ್ತಾರೆ. ಕೀಲಿಕೈ ಮಾತ್ರ ಮೂವತ್ತು ವರ್ಷದಿಂದ ನನ್ನ ಬಳಿಯೇ ಇದೆ. ಇಲ್ಲಿ ಯಾರೇ ತಪ್ಪು ಮಾಡಲಿ, ಆ ಪುಸ್ತಕದಲ್ಲಿ ಕೈಯಾರೆ ಬರೆದು ಸಹಿ ಹಾಕಬೇಕು. ನಾಲ್ಕು ಕಲಂ: ದಿನಾಂಕ, ಮಾಡಿದ ತಪ್ಪು, ಅದರಿಂದ ಆದದ್ದು, ಸಹಿ. ಮೂರನೆಯ ಕಲಮಿನಲ್ಲಿ ಸಾಮಾನ್ಯವಾಗಿ ‘ಪ್ಲೇಟು ಹಾಳು’ ಎಂದೇ ಇರುತ್ತದೆ. ನನ್ನ ಸೊಸೆಯ ಸಹಿ ಹನ್ನೊಂದು ಕಡೆ ಇದೆ. ನನ್ನದು ಒಂದೂ ಇರಲಿಲ್ಲ. ಅದನ್ನು ನಾನು ದಿನಕ್ಕೆರಡು ಸಲವಾದರೂ ಎಲ್ಲರಿಗೂ ಜ್ಞಾಪಿಸುತ್ತಿದ್ದೆ.

ಸೊಸೆ ಮೇಲಿನ ಮಹಡಿಯ ರಸಾಯನಶಾಸ್ತ್ರದವಳು. ಅವಳು ಅಲ್ಲಿ ಹೊಸ ಸಂಯುಕ್ತಗಳನ್ನು ತಯಾರಿಸುತ್ತಾಳೆ, ನಾನು ಇಲ್ಲಿ ಅವುಗಳ ಹಣೆಬರಹ ನೋಡುತ್ತೇನೆ. ಮನೆಯಲ್ಲಿ ನಾನು ಅವಳಿಗೆ ಅತ್ತೆ, ಈ ಬಾಗಿಲ ಒಳಗೆ ಮೇಡಂ. ಸೊಸೆಯೆಂದು ಸಲಿಗೆ ಕೊಟ್ಟಳು ಎಂದು ನಾಳೆ ಯಾರೂ ಬೆರಳು ತೋರಿಸಬಾರದಲ್ಲ, ಅದಕ್ಕೆ ಎಲ್ಲರಿಗಿಂತ ಅವಳನ್ನೇ ಹೆಚ್ಚು ಬೈಯುತ್ತಿದ್ದೆ. ಪಾಪ, ಅವಳು ಚಕಾರ ಎತ್ತುತ್ತಿರಲಿಲ್ಲ. ಮನೆಗೆ ಹೋಗಿ ಗಂಡನ ಹತ್ತಿರ ನನ್ನ ಹಾಗೆಯೇ ಮಾತಾಡಿ ತೋರಿಸುತ್ತಿದ್ದಳಂತೆ. ಚೆನ್ನಾಗಿಯೇ ಮಾಡುತ್ತಾಳೆಂದು ಮಗ ಹೇಳಿದ.

ನಮ್ಮ ಪರೀಕ್ಷೆ ಸರಳ. ಜೆಲ್ಲಿ ತುಂಬಿದ ಪ್ಲೇಟಿನ ಮೇಲೆ ರೋಗಾಣು ಸವರುತ್ತೇವೆ. ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಯನ್ನು ಅದರ ಮೇಲಿಡುತ್ತೇವೆ. ಪಕ್ಕದಲ್ಲಿ ಔಷಧಿಯಿಲ್ಲದ ಒಂದು ಬರಿ ಬಿಲ್ಲೆ. ಪ್ಲೇಟುಗಳನ್ನು ಮುಚ್ಚಳದ ಡಬ್ಬಕ್ಕೆ ಹಾಕಿ, ಮೈಯಷ್ಟೇ ಬೆಚ್ಚಗಿರುವ ಇನ್‌ಕ್ಯುಬೇಟರಿನಲ್ಲಿ ಮರುದಿನದವರೆಗೆ ಬಿಡುತ್ತೇವೆ. ಅಷ್ಟರಲ್ಲಿ ರೋಗಾಣು ಕೆನೆ ಕಟ್ಟಿದ ಹಾಗೆ ಹಬ್ಬಿರುತ್ತದೆ. ಔಷಧಿ ಕೆಲಸ ಮಾಡಿದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ತಿಳಿಯಾದ ಉಂಗುರ ಕಾಣುತ್ತದೆ; ಅದರ ಅಗಲ ಅಳೆದು ಬರೆದಿಡುತ್ತೇವೆ.

ಸೊಸೆ ಹಿಡಿದಿದ್ದು ಆಸ್ಪತ್ರೆಗಳಲ್ಲಿ ಸಿಗುವ ಒಂದು ಮೊಂಡು ರೋಗಾಣು. ಯಾವ ಮಾತ್ರೆಗೂ ಜಪ್ಪಯ್ಯ ಅನ್ನದ ಜಾತಿ. ನಾಲ್ಕು ವರ್ಷದಲ್ಲಿ ಅವಳು ಮೂವತ್ತು ಸಂಯುಕ್ತ ತಯಾರಿಸಿದ್ದಳು, ಒಂದಕ್ಕೂ ಉಂಗುರ ಬಂದಿರಲಿಲ್ಲ. ಮೂವತ್ತೊಂದನೆಯದೂ ಕೈಕೊಟ್ಟರೆ ಈ ವಿಷಯವನ್ನೇ ಮುಚ್ಚಿಬಿಡೋಣ ಎಂದು ಪ್ರೊಫೆಸರ್ ಹೇಳಿಬಿಟ್ಟಿದ್ದರು. ಆ ವಾರ ಅವಳು ಮನೆಯಲ್ಲಿ ಯಾರನ್ನೂ ಅಣಕಿಸಲಿಲ್ಲ. ಅದೇ ನನಗೆ ಸಂಕಟವಾಗಿದ್ದು.

ಮೂವತ್ತೊಂದನೆಯ ಬಿಲ್ಲೆ ಇಡುವ ದಿನ ನನಗೆ ವಿಪರೀತ ಹಲ್ಲುನೋವು. ಪಕ್ಕದ ಕೋಣೆಯಲ್ಲಿ ಸಸ್ಯಗಳ ಸುಗಂಧ ತೈಲ ಪರೀಕ್ಷಿಸುವವರಿದ್ದಾರೆ; ಅವರಿಂದ ಲವಂಗದೆಣ್ಣೆ ಬೇಡಿ, ಎರಡು ತೊಟ್ಟನ್ನು ಹತ್ತಿಯುಂಡೆಯ ಮೇಲೆ ಹಾಕಿಸಿಕೊಂಡು ಬಂದೆ. ಕೆಲಸ ಮುಗಿಸಿ ಹೊರಗೆ ಹೋಗಿ ಹಲ್ಲಿಗೊತ್ತಿಕೊಳ್ಳುವ ಯೋಚನೆ. ಸಂಜೆ ಹುಡುಕಿದರೆ ಹತ್ತಿ ಇಲ್ಲ. ಯಾರೋ ಕಸಕ್ಕೆ ಹಾಕಿದ್ದಾರೆಂದು ಕಸ ಗುಡಿಸುವವಳಿಂದ ಹಿಡಿದು ಸೊಸೆಯವರೆಗೆ ಎಲ್ಲರ ಮೇಲೂ ಹಾರಾಡಿ, ಕೆನ್ನೆ ಹಿಡಿದುಕೊಂಡು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಡಬ್ಬ ತೆರೆದೆವು. ಸೊಸೆ ಮೇಲಿನ ಪ್ಲೇಟನ್ನು ಬೆಳಕಿಗೆ ಹಿಡಿದಳು. ನಾನು ಇಣುಕಿದೆ. ಮೂವತ್ತೊಂದರ ಸುತ್ತ ಉಂಗುರ, ಕೈವಾರದಲ್ಲಿ ಎಳೆದ ಹಾಗೆ ದುಂಡಗೆ. ಅವಳು ಸ್ಟೂಲನ್ನು ಉರುಳಿಸಿಕೊಂಡು ಕುಣಿದಳು, ನಾನು ಬೈಯಲಿಲ್ಲ. ಗಂಡನಿಗೆ ಫೋನು ಮಾಡಿದಳು; ಅವನು ಆ ಕಡೆಯಿಂದ ಕಿರುಚಿದ್ದು ನನಗೂ ಕೇಳಿಸಿತು. ಪ್ರೊಫೆಸರಿಗೆ ಹೇಳಿ ಬರುತ್ತೇನೆಂದು ಪ್ಲೇಟು ಹಿಡಿದುಕೊಂಡೇ ಓಡಿದಳು. ನನ್ನ ಮುಖವೂ ಅರಳಿತ್ತು, ಹಲ್ಲುನೋವಿದ್ದೂ.

ಡಬ್ಬ ಖಾಲಿ ಮಾಡುತ್ತ ಹೋದರೆ ಅಡಿಯ ಪ್ಲೇಟಿನಲ್ಲಿ ಜೆಲ್ಲಿಯಿಲ್ಲ. ಹತ್ತಿಯುಂಡೆಯಿದೆ.

ಮುಚ್ಚಳ ಎತ್ತಿದೆ, ಲವಂಗದ ವಾಸನೆ ಮೂಗಿಗೆ ಬಡಿಯಿತು. ಏನನ್ನೂ ತೆರೆದಿಡಬಾರದು ಎಂಬುದು ನನ್ನದೇ ನಿಯಮ. ಅಭ್ಯಾಸಬಲದಿಂದ ಹತ್ತಿಯನ್ನು ಖಾಲಿ ಪ್ಲೇಟಿನಲ್ಲಿಟ್ಟು ಮುಚ್ಚಿದ್ದೆ. ಮುಚ್ಚಿದ ಪ್ಲೇಟು ಕಂಡರೆ ಡಬ್ಬಕ್ಕೆ ಸೇರಿಸುವುದೂ ಮೂವತ್ತು ವರ್ಷದ ಅಭ್ಯಾಸ. ಎಣ್ಣೆಯ ಆವಿ ಮುಚ್ಚಳದ ಸಂದಿಯಿಂದ ನುಸುಳಿ ಪಕ್ಕದ ಪ್ಲೇಟಿನ ರೋಗಾಣುವನ್ನೂ ಕೊಲ್ಲಬಲ್ಲದು, ಆದ್ದರಿಂದ ಎಣ್ಣೆಯನ್ನೂ ಸಂಯುಕ್ತವನ್ನೂ ಒಂದೇ ಡಬ್ಬದಲ್ಲಿ ಇಡಕೂಡದು ಎಂದು ಇನ್‌ಕ್ಯುಬೇಟರಿನ ಬಾಗಿಲಿಗೆ ಚೀಟಿ ಅಂಟಿಸಿದವಳೂ ನಾನೇ.

ಕಸದ ಬುಟ್ಟಿ ಕಾಲ ಬಳಿಯೇ ಇತ್ತು. ಹತ್ತಿಯನ್ನು ಅದರೊಳಗೆ ಹಾಕಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅವಳ ಖುಷಿಯೂ ಉಳಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಒಂದು ಕ್ಷಣ ಹಾಗೆ ಮಾಡೋಣವೆಂದೇ ಅನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಮುಂದಿನ ಪರೀಕ್ಷೆಯಲ್ಲಿ ಉಂಗುರ ಬರುವುದಿಲ್ಲ, ಎಲ್ಲಿ ತಪ್ಪಿತೆಂದು ಅವಳು ವರ್ಷಗಟ್ಟಲೆ ತಲೆ ಚಚ್ಚಿಕೊಳ್ಳುತ್ತಾಳೆ, ನಾನು ದಿನಾ ಅವಳ ಎದುರು ಕೂತು ಊಟ ಮಾಡಬೇಕು. ಹತ್ತಿಯ ಪ್ಲೇಟು ಹಿಡಿದುಕೊಂಡು ಮೆಟ್ಟಿಲ ಕಡೆ ಓಡಿದೆ. ಈ ಮೊಣಕಾಲಲ್ಲಿ ಅಷ್ಟು ಓಟ ಉಳಿದಿದೆಯೆಂದು ನನಗೇ ಗೊತ್ತಿರಲಿಲ್ಲ.

ಪ್ರೊಫೆಸರ ಬಾಗಿಲು ತಟ್ಟುವುದಕ್ಕೆ ಮೊದಲೇ ಅವಳನ್ನು ಹಿಡಿದು, ನಡೆದದ್ದನ್ನೆಲ್ಲ ಹೇಳಿದೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು.

“ಹಾಗಾದ್ರೆ ಇದು ನಂದಲ್ಲ,” ಎಂದಳು. “ಲವಂಗದ್ದು.”

ನನಗೆ ಅಳು ಬಂತು. ಅವಳ ಮುಖ ನೋಡಲಾರದೆ ಅವಳ ಕೈಯಲ್ಲಿದ್ದ ಪ್ಲೇಟು ನೋಡಿದೆ. ಮೂವತ್ತು ವರ್ಷ ಪ್ಲೇಟು ನೋಡಿದ ಕಣ್ಣು, ಅಳುವಾಗಲೂ ಸುಮ್ಮನಿರಲಿಲ್ಲ. ಬರಿ ಬಿಲ್ಲೆಯ ಅಂಚಿನವರೆಗೂ ರೋಗಾಣು ಒತ್ತಾಗಿ ಬೆಳೆದಿತ್ತು. ಲವಂಗವೇ ಕೊಂದಿದ್ದರೆ ಪ್ಲೇಟಿನ ತುಂಬ ಕೊಲ್ಲಬೇಕಿತ್ತು. ಮೂವತ್ತೊಂದರ ಸುತ್ತ ಮಾತ್ರ ಯಾಕೆ?

“ಇಲ್ಲಿ ನೋಡು,” ಎಂದು ಬರಿ ಬಿಲ್ಲೆಯ ಮೇಲೆ ಬೆರಳಿಟ್ಟೆ. “ಆವಿ ಒಂದರಿಂದಲೇ ಆದದ್ದಲ್ಲ ಇದು.”

ಅವಳು ಪ್ಲೇಟನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಆಮೇಲೆ ಮೂಗೊರೆಸಿಕೊಂಡು, “ಹತ್ತಿಗೆ ಎಷ್ಟು ತೊಟ್ಟು ಹಾಕಿಸಿದ್ರಿ?” ಎಂದು ಕೇಳಿದಳು.

“ಎರಡು.”

“ನಾವೂ ಎರಡೇ ಹಾಕೋಣ.”

ಆ ದಿನವೇ ನಾಲ್ಕು ಡಬ್ಬ ಹೂಡಿದೆವು. ಒಂದರಲ್ಲಿ ಮೂವತ್ತೊಂದು ಮಾತ್ರ. ಇನ್ನೊಂದರಲ್ಲಿ ಲವಂಗದ ಹತ್ತಿ ಮತ್ತು ಬರಿ ಬಿಲ್ಲೆ. ಮೂರನೆಯದರಲ್ಲಿ ಮೂವತ್ತೊಂದೂ ಹತ್ತಿಯೂ ಜೊತೆಯಾಗಿ. ನಾಲ್ಕನೆಯದರಲ್ಲಿ ಎರಡೂ ಇಲ್ಲ. ಪ್ರೊಫೆಸರಿಗೆ ಮೂವತ್ತೊಂದರ ಫಲಿತಾಂಶಕ್ಕೆ ಒಂದು ದಿನ ತಡೆಯಿರಿ ಎಂದೆ. ಅವರು ಕಾರಣ ಕೇಳಿದರು, ನಾನು ಹಲ್ಲುನೋವು ಎಂದೆ. ಅದೂ ನಿಜವೇ ತಾನೆ.

ಮರುದಿನ ಇಬ್ಬರೂ ಎಲ್ಲರಿಗಿಂತ ಮುಂಚೆಯೇ ಬಂದು ಇನ್‌ಕ್ಯುಬೇಟರಿನ ಮುಂದೆ ಕಾದಿದ್ದೆವು. ಮೂವತ್ತೊಂದು ಒಂಟಿಯಾಗಿದ್ದ ಡಬ್ಬ: ಉಂಗುರವಿಲ್ಲ. ಅವಳು ನನ್ನ ಕೈ ಹಿಡಿದಳು. ಹತ್ತಿ ಮಾತ್ರ ಇದ್ದದ್ದು: ರೋಗಾಣು ಹಾಯಾಗಿ ಬೆಳೆದಿತ್ತು. ಎರಡೂ ಇಲ್ಲದ ನಾಲ್ಕನೆಯದರಲ್ಲೂ ಹಾಗೆಯೇ. ಮೂರನೆಯದನ್ನು ತೆರೆಯಲು ಅವಳು ನನಗೆ ಹೇಳಿದಳು, ನಾನು ಅವಳಿಗೆ ಹೇಳಿದೆ, ಕೊನೆಗೆ ಇಬ್ಬರೂ ಒಂದೊಂದು ಕಡೆಯಿಂದ ಮುಚ್ಚಳ ಎತ್ತಿದೆವು.

ಉಂಗುರ ಇತ್ತು. ದುಂಡಗೆ, ತಿಳಿಯಾಗಿ. ಒಂಟಿಯಾಗಿದ್ದಾಗ ಇಬ್ಬರಿಗೂ ಬಗ್ಗದ ಮೊಂಡು, ಇಬ್ಬರೂ ಸೇರಿದಾಗ ಮಣ್ಣುಮುಕ್ಕಿತ್ತು. ಸೊಸೆ ನನ್ನನ್ನು ಅಪ್ಪಿ ಎತ್ತಿಯೇಬಿಟ್ಟಳು. ಕೋಟು ಹಾಕಿಕೊಂಡವರನ್ನು ಮುಟ್ಟಬಾರದೆಂಬ ನಿಯಮ ಬಾಯಿಗೆ ಬಂತು, ನುಂಗಿಕೊಂಡೆ. ಇನ್ನೂ ಎರಡು ಸಲ ಮಾಡಿದೆವು, ಎರಡು ಸಲವೂ ಬಂತು. ಪ್ರೊಫೆಸರ್ ವಿಷಯ ಮುಚ್ಚುವ ಮಾತನ್ನೇ ಮರೆತು, ಪಕ್ಕದ ಕೋಣೆಯ ಎಣ್ಣೆಗಳನ್ನೆಲ್ಲ ಒಂದೊಂದಾಗಿ ಜೊತೆಗಿಟ್ಟು ನೋಡಿ ಎಂದರು. ನಾನು ಹಲ್ಲು ಕೀಳಿಸಿಕೊಂಡು ಬಂದೆ.

ವಾಪಸು ಬಂದಾಗ ಮೇಜಿನ ಮೇಲೆ ತಪ್ಪಿನ ಪುಸ್ತಕ ತೆರೆದಿತ್ತು. ಪಕ್ಕದಲ್ಲಿ ಸೊಸೆ ಕೈಕಟ್ಟಿ ನಿಂತಿದ್ದಳು, ಥೇಟ್ ನನ್ನ ಹಾಗೆ. ಕೆನ್ನೆ ಊದಿತ್ತು, ವಾದ ಮಾಡುವ ಸ್ಥಿತಿಯಲ್ಲಿರಲಿಲ್ಲ. ಪೆನ್ನು ತೆಗೆದುಕೊಂಡೆ.

ದಿನಾಂಕ ಬರೆದೆ. ಮಾಡಿದ ತಪ್ಪು: ಹಲ್ಲುನೋವಿನ ಹತ್ತಿಯನ್ನು ಡಬ್ಬಕ್ಕೆ ಸೇರಿಸಿದ್ದು. ಮೂರನೆಯ ಕಲಮಿಗೆ ಬಂದು ನಿಂತೆ. ಮೇಲಿನಿಂದ ಕೆಳಗಿನವರೆಗೆ ಪ್ಲೇಟು ಹಾಳು, ಪ್ಲೇಟು ಹಾಳು, ಪ್ಲೇಟು ಹಾಳು.

“ಏನು ಬರೀಲಿ?” ಎಂದೆ.

ಅವಳು ಅಳತೆಪಟ್ಟಿಯನ್ನು ಆ ಮೊದಲ ದಿನದ ಪ್ಲೇಟಿನ ಉಂಗುರದ ಮೇಲಿಟ್ಟು, ಕಣ್ಣು ಕಿರಿದು ಮಾಡಿ ನೋಡಿ ಹೇಳಿದಳು. ನಾನು ಅದನ್ನೇ ಬರೆದು ಸಹಿ ಹಾಕಿದೆ: ಹತ್ತೊಂಬತ್ತು ಮಿಲಿಮೀಟರ್.