ಪಳಗಿದ ಕೊಪ್ಪರಿಗೆ

ಆ ಮೇ ತಿಂಗಳಲ್ಲಿ ನನಗಿದ್ದ ಆಸೆ ಒಂದೇ: ಮಧ್ಯಾಹ್ನದ ಪಾಳಿ ತಪ್ಪಬೇಕು. ಬೆಳಿಗ್ಗೆ ನಾಲ್ಕನೇ ತರಗತಿಗೆ ಪಾಠ. ಊಟದ ಹೊತ್ತಿಗೆ ಒಂದು ತುಂಡು ರೊಟ್ಟಿಯನ್ನು ಚಹಾದಲ್ಲಿ ಅದ್ದಿ ನುಂಗಿದರೆ ಮತ್ತೆ ಎರಡನೇ ತರಗತಿ. ಸಂಜೆ ಮನೆಗೆ ಬರುವಾಗ ನಮ್ಮ ಸಮರ್‌ಕಂದದ ಸಿಯೋಬ್ ಹೊಳೆಯ ದಂಡೆಯಲ್ಲಿ ಸ್ವಲ್ಪ ಕೂತೆನೆಂದರೆ ಏಳಲು ಮೈ ಒಪ್ಪುತ್ತಿರಲಿಲ್ಲ.

"ಈ ಒಂದು ಪಾಠ ಮಾಡ್ಬಿಡಿ ಹೋಸಿಯತ್ ಅಕ್ಕ, ನಿಮ್ಮ ಮಧ್ಯಾಹ್ನದ ಪಾಳಿ ಬೇರೆಯವರಿಗೆ ಕೊಡೋದು ನನ್ನ ಜವಾಬ್ದಾರಿ," ಎಂದ ಉಪಮುಖ್ಯೋಪಾಧ್ಯಾಯ ಜಮಾಲಿದ್ದೀನ್. ನನ್ನ ಕೈಯಲ್ಲೇ ಅಕ್ಷರ ಕಲಿತ ಹುಡುಗ. ಈಗ ಎರಡು ಫೋನು ಹಿಡಿದುಕೊಂಡು ಓಡಾಡುತ್ತಾನೆ. "ಪಾಠ ನೋಡೋಕೆ ಜಿಲ್ಲೆಯಿಂದ ತಂಡ ಬರ್ತಿದೆ. ಎಲ್ಲಾ ವಿಷಯನೂ ಒಂದೇ ಪಾಠದಲ್ಲಿ ಸೇರಿಸ್ಬೇಕಂತೆ. ನಮ್ಮದು ಕಾಗದದ ಊರಲ್ವಾ? ಮಕ್ಕಳ ಕೈಲಿ ಕಾಗದ ಮಾಡ್ಸಿ. ತೊಗಟೆ ಅಂದ್ರೆ ವಿಜ್ಞಾನ, ಅಳತೆ ಅಂದ್ರೆ ಗಣಿತ, ಅದರ ಮೇಲೆ ಬರೆದ್ರೆ ಭಾಷೆ."

"ನನ್ನ ತೊಗಟೆ ಸುಲಿಯೋದು ಯಾವ ಪೀರಿಯಡ್ಡಪ್ಪ?"

ಅವನು ನಕ್ಕ. "ಪಳಗಿದವರು ಅಂತ ಇರೋದು ನೀವೊಬ್ರೇ ಅಕ್ಕ."

ರೇಷ್ಮೆಹುಳುಗಳು ಗೂಡು ಕಟ್ಟಿ ಮುಗಿಸಿದ್ದವು. ಯಾರ ಅಂಗಳ ನೋಡಿದರೂ ಎಲೆಯಿಲ್ಲದ ಹಿಪ್ಪುನೇರಳೆ ಕೊಂಬೆಗಳ ರಾಶಿ. ಮಕ್ಕಳು ಅವನ್ನು ರಸ್ತೆಯುದ್ದಕ್ಕೂ ಎಳೆದು ತಂದರು, ತೂಗಿದರು, ತೂಕಕ್ಕಾಗಿ ಜಗಳವಾಡಿದರು, ತೊಗಟೆ ಸುಲಿದು ನೆನೆಹಾಕಿದರು. ಮಫ್ತುನಾ ಎಂಬ ಮಾತಿನಮಲ್ಲಿ ಕೇಳಿದಳು: "ಟೀಚರ್, ಹುಳ ಎಲೆ ತಿಂದು ರೇಷ್ಮೆ ಮಾಡ್ತು, ನಾವು ಅದರ ಎಂಜಲಲ್ಲಿ ಕಾಗದ ಮಾಡ್ತಿದೀವಿ. ಮಾರ್ಕ್ಸು ಹುಳಕ್ಕೂ ಕೊಡ್ತೀರಾ?" ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ.

ತೊಗಟೆ ಬೇಯಿಸಲು ಶಾಲೆಯಲ್ಲಿ ಪಾತ್ರೆಯಿರಲಿಲ್ಲ. ಇದ್ದದ್ದು ನಮ್ಮ ಮನೆಯ ಕೊಪ್ಪರಿಗೆ. ನನ್ನ ಗಂಡ ಎರ್ಗಶ್ ಮದುವೆಮನೆಗಳ ಅಡುಗೆಯವರು. ಮದುವೆಯ ದಿನ ನಸುಕಿನಲ್ಲಿ ಕೇರಿಯ ಗಂಡಸರೆಲ್ಲ ಉಣ್ಣುವ ಪಲಾವು ಆ ಬೀಡುಕಬ್ಬಿಣದ ಹೊಟ್ಟೆಯಿಂದಲೇ ಬರಬೇಕು. ನಮ್ಮ ಮಾವನವರ ಕಾಲದ್ದು. ಎಣ್ಣೆ, ಕೊಬ್ಬು ಕುಡಿದು ಕುಡಿದು ಪಳಗಿ, ಒಳಗೆಲ್ಲ ಕರ್ರಗೆ ಮಿರಮಿರ ಹೊಳೆಯುತ್ತಿತ್ತು. ಒಂದು ಅಗುಳೂ ತಳ ಹಿಡಿಯುತ್ತಿರಲಿಲ್ಲ. ಅದಕ್ಕೆ ಸೋಪು ಮುಟ್ಟಿಸಲು ನನಗೂ ಅಪ್ಪಣೆಯಿಲ್ಲ.

"ಬರೀ ನೀರು ತಾನೇ?" ಎಂದರು ಎರ್ಗಶ್.

"ಬರೀ ನೀರು ಕಣ್ರೀ."

"ಭಾನುವಾರ ಮದುವೆ ಇದೆ ಕಣೇ." ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ನಿನ್ನ ಮಧ್ಯಾಹ್ನ ನಿನಗೆ ವಾಪಸ್ ಸಿಗೋದಾದ್ರೆ ಒಯ್ಯಿ."

ಬುಧವಾರ ಶಾಲೆಯ ಹಿತ್ತಿಲಲ್ಲಿ ಒಲೆ ಹೂಡಿ ತೊಗಟೆ ಕುದಿಯಲು ಇಟ್ಟು, ನಾನು ಎರಡನೇ ತರಗತಿಗೆ ಹೋದೆ. ತಿರುಗಿ ಬಂದಾಗ ನೀರು ಮಸಿಯಾಗಿತ್ತು. ಪಕ್ಕದಲ್ಲಿ ವಾಷಿಂಗ್ ಸೋಡಾದ ಖಾಲಿ ಚೀಲ ಬಿದ್ದಿತ್ತು.

"ಬೇಯ್ತಾನೇ ಇರ್ಲಿಲ್ಲ ಅಕ್ಕ, ಶುಕ್ರವಾರ ತಂಡ ಬರುತ್ತಲ್ಲ, ಅದಕ್ಕೇ ಸುರಿದೆ," ಎಂದ ಜಮಾಲಿದ್ದೀನ್. "ನೋಡಿ, ಬೆಣ್ಣೆ ಥರ ಆಗಿದೆ!"

ತೊಗಟೆ ಬೆಣ್ಣೆಯಾಗಿತ್ತು, ನಿಜ. ಅದನ್ನು ಬಸಿದು ಕೊಪ್ಪರಿಗೆಯೊಳಗೆ ಇಣುಕಿದೆ. ಮಾವನವರ ಕಾಲದಿಂದ ಪಳಗಿದ ಕಪ್ಪೆಲ್ಲ ಕಿತ್ತುಹೋಗಿ, ಬೋಳು ಕಬ್ಬಿಣ ಬೂದಿ ಬಣ್ಣಕ್ಕೆ ತಿರುಗಿತ್ತು. ನನಗೆ ಅಳು ಬಂತು. ಅವನ ಎದುರಿಗೇ ಮೆಟ್ಟಿಲ ಮೇಲೆ ಕೂತು ಅತ್ತೆ.

ಎರ್ಗಶ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಒಳಗೆ ಬೆರಳಾಡಿಸಿ, ಅಂಟಿದ ತುಕ್ಕು ನೋಡಿ, "ಅಪ್ಪಾ," ಎಂದರು ಅಷ್ಟೇ. ಆಮೇಲೆ ಮದುವೆಮನೆಗೆ ಹೇಳಿ ಕಳಿಸಿದರು: "ಬೇರೆ ಕಡೆಯಿಂದ ಕೊಪ್ಪರಿಗೆ ತರಿಸಿ." ಆ ಮನುಷ್ಯ ಇನ್ನೊಬ್ಬರ ಕೊಪ್ಪರಿಗೆಯಲ್ಲಿ ಕೈಯಾಡಿಸಿದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

ಮಕ್ಕಳು ಆ ತಿರುಳನ್ನು ಜಜ್ಜಿ, ಜರಡಿಯಲ್ಲಿ ಎತ್ತಿ, ಒಣಗಿಸಿದರು. ಹಾಳೆಗಳು ಬೂದುಗಪ್ಪಾದವು. ಶುಕ್ರವಾರ ಜಿಲ್ಲೆಯ ತಂಡದೆದುರು ಅವನ್ನು ಕವಡೆಯಿಂದ ಉಜ್ಜಿ ನುಣುಪು ಮಾಡುತ್ತಿದ್ದಾಗ, ತಂಡದ ಮುಖ್ಯಸ್ಥೆ ಶೋಹಿಸ್ತಾ ಒಂದನ್ನು ಎತ್ತಿ ನೋಡಿದರು.

"ಸಮರ್‌ಕಂದದ ಕಾಗದ ಕೆನೆ ಬಣ್ಣ ಅಲ್ವಾ? ಇದ್ಯಾಕೆ ಹೀಗೆ ಕಪ್ಪು?"

ಜಮಾಲಿದ್ದೀನ್ ತನ್ನ ಬೂಟು ನೋಡಿಕೊಂಡ. ನನಗೆ ಸುಳ್ಳು ಹೇಳುವಷ್ಟೂ ತ್ರಾಣವಿರಲಿಲ್ಲ. ಮಫ್ತುನಾ ಎದ್ದುನಿಂತಳು.

"ಅದು ಎರ್ಗಶ್ ತಾತನ ಕೊಪ್ಪರಿಗೆ ಬಣ್ಣ. ನಮ್ಮ ಕೇರೀಲಿ ಯಾರ್ಯಾರ ಮದುವೆ ಆಗಿದೆಯೋ ಎಲ್ಲಾ ಇದರಲ್ಲಿದೆ. ನಮ್ಮಮ್ಮಂದೂ ಇದೆ."

ತಂಡದವರು ಚಪ್ಪಾಳೆ ತಟ್ಟಿದರು. "ಇಂಥ ಪಳಗಿದ ಕೈಯನ್ನ ಒಂದೇ ಶಾಲೇಲಿ ಕಟ್ಟಿಹಾಕ್ಬಾರದು," ಎಂದರು ಶೋಹಿಸ್ತಾ, ನನ್ನತ್ತ ಕೈ ತೋರಿಸಿ. "ಸೆಪ್ಟೆಂಬರಿಂದ ದಿನಾ ಮಧ್ಯಾಹ್ನ ಬೇರೆ ಬೇರೆ ಶಾಲೆಗೆ ಹೋಗಿ ಕಲಿಸ್ಲಿ. ಆ ಕೊಪ್ಪರಿಗೆನೂ ಜೊತೇಲಿರ್ಲಿ."

"ನೋಡಿ, ಪಾಳಿ ತಪ್ಪಿಸ್ದೆ," ಎಂದು ಜಮಾಲಿದ್ದೀನ್ ಕಿವಿಯಲ್ಲಿ ಉಸುರಿದ. ಹುಡುಗ ಮಾತು ಉಳಿಸಿಕೊಂಡಿದ್ದ. ತಪ್ಪು ಹುಡುಕಲು ಜಾಗವೇ ಇರಲಿಲ್ಲ.

ಮನೆಗೆ ಬಂದಾಗ ಅಂಗಳದ ತುಂಬ ಹೊಗೆ. ಎರ್ಗಶ್ ಬಿಸಿ ಕೊಪ್ಪರಿಗೆಗೆ ಕುರಿಬಾಲದ ಕೊಬ್ಬು ಸವರುತ್ತಿದ್ದರು. ಅವರಿಗೆಂದು ಮಫ್ತುನಾ ಕೊಟ್ಟಿದ್ದ ಹಾಳೆಯನ್ನು ಕೊಟ್ಟೆ. ಅದರ ಮೇಲೆ ಅವಳ ಅಮ್ಮ ಅಪ್ಪನ ಹೆಸರು ಬರೆದಿತ್ತು, ಕೆಳಗೆ 'ಪಲಾವು ಚೆನ್ನಾಗಿತ್ತಂತೆ' ಎಂದಿತ್ತು. ಎರ್ಗಶ್ ಅದನ್ನು ಮೂಸಿ ನೋಡಿದರು. ನೆಲಕ್ಕೆ ಬಿದ್ದ ರೊಟ್ಟಿಯನ್ನು ಎತ್ತಿ ಹಣೆಗೆ ಒತ್ತಿಕೊಳ್ಳುವ ಹಾಗೆ ಆ ಹಾಳೆಯನ್ನು ಹಣೆಗೆ ಒತ್ತಿಕೊಂಡರು.

"ಮತ್ತೆ ಪಳಗೋಕೆ ಎಷ್ಟು ದಿನ ಬೇಕ್ರೀ?"

"ಅವಸರ ಮಾಡಿದ್ರೆ ಆಗಲ್ಲ. ಕೊಬ್ಬು ಸವರ್ಬೇಕು, ಕಾಯಿಸ್ಬೇಕು, ಸುಮ್ನೆ ಬಿಡ್ಬೇಕು. ಅಲ್ಲೀವರೆಗೆ ಏನೂ ಬೇಯಿಸೋ ಹಾಗಿಲ್ಲ."

"ಜಿಲ್ಲೆಯವರು ಇದನ್ನ ಮತ್ತೆ ಕೇಳಿದಾರೆ."

"ಯಾರಿಗೂ ಕೊಡಲ್ಲ."

"ನನ್ನನ್ನೂ ಕೇಳಿದಾರೆ. ದಿನಾ ಮಧ್ಯಾಹ್ನ, ಊರೂರು. ಪಳಗಿದವಳು ಅಂತ."

ಅವರ ಕೈ ನಿಂತಿತು. "ಪಳಗಿದ್ದನ್ನೇ ಕಣೇ ಎಲ್ರೂ ಸೋಡಾ ಹಾಕಿ ಕುದಿಸೋದು," ಎಂದರು. ಹೊಗೆಗೋ ಏನೋ ಅವರ ಕಣ್ಣು ಕೆಂಪಾಗಿತ್ತು.

ಫೋನು ಬಡಿದುಕೊಂಡಿತು. ಜಮಾಲಿದ್ದೀನ್. "ಅಕ್ಕ, ಸೆಪ್ಟೆಂಬರಿಗೆ ನಿಮ್ಮ ಹೆಸರು ಕಳಿಸ್ತಿದೀನಿ, ಕೊಪ್ಪರಿಗೆದೂ ಸೇರಿಸಿ."

"ಎರಡನ್ನೂ ತೆಗಿ."

"ಹಂಗಾದ್ರೆ ಎರಡನೇ ತರಗತಿ ನಿಮಗೇ ಉಳಿಯುತ್ತಲ್ಲ ಅಕ್ಕ."

"ಅದನ್ನೂ ತೆಗಿ. ಬೆಳಿಗ್ಗೆದೊಂದೇ ನಂದು."

"ನಿಮ್ಮಂಥ ಪಳಗಿದವರನ್ನ ನಾನು ಎಲ್ಲಿಂದ ತರ್ಲಿ?"

"ಯಾರನ್ನಾದ್ರೂ ಪಳಗಿಸ್ಕೋ ಮಗಾ," ಎಂದೆ. "ಸೋಡಾ ಮಾತ್ರ ಹಾಕ್ಬೇಡ."