ಗುಬ್ಬಿ ಮುದ್ರೆ

ಅಣ್ಣ ಬಂದೇ ಬರುತ್ತಾನೆ ಎಂದು ಗುಬ್ಬಿ ವರ್ಷಗಟ್ಟಲೆ ಕಾದಿದ್ದಳು. ಸಿಟ್ಟಿದ್ದವರು ಒಳಗೊಳಗೇ ಕತ್ತಿ ಮಸೆಯುತ್ತಾರೆ ಅನ್ನುತ್ತೇವಲ್ಲ, ಇವಳು ಮಸೆದದ್ದು ಕತ್ತರಿ. ಪರದೇಶದ ಬಂದರಿನ ಹಿಂದಿನ ಬೀದಿಯಲ್ಲಿ, ಗುಂಡಿ, ಜಿಪ್ಪು ಮಾರುವವರ ಸಾಲಿನಲ್ಲಿ ಅವಳದೊಂದು ಅಂಗಡಿ. ಮುಂದೆ ದರ್ಜಿಗಳಿಗೆ ಬೇಕಾದ ಸೂಜಿ, ಟೇಪು, ಸೀಮೆಸುಣ್ಣ. ಹಿಂದಿನ ಕೋಣೆಯಲ್ಲಿ ಒಂದು ಸಾಣೆಚಕ್ರ. ಬೀದಿಯ ದರ್ಜಿಗಳೆಲ್ಲ ಮೊಂಡಾದ ಕತ್ತರಿಗಳನ್ನು ಅವಳ ಬಳಿಯೇ ತರುತ್ತಿದ್ದರು.

ಅವಳು ಹುಟ್ಟಿದ್ದೇ ಕತ್ತರಿ ಮಾಡುವ ಮನೆಯಲ್ಲಿ. ಎರಡು ಅಲಗುಗಳನ್ನು ಕೂಡಿಸಿ ತಿರುಪು ಬಿಗಿದ ಮೇಲೆ ಅಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಮುಚ್ಚಿ ನೋಡುತ್ತಿದ್ದರು. "ಚಿಂವ್ ಅನ್ಬೇಕು ನೋಡು. ಕಿರ್ ಅಂದ್ರೆ ಬಿಗಿ ಜಾಸ್ತಿ, ಏನೂ ಅನ್ಲಿಲ್ಲ ಅಂದ್ರೆ ಸಡಿಲ." ಪಕ್ಕದಲ್ಲಿ ಕೂತ ಪುಟ್ಟ ಮಗಳು ಕತ್ತರಿಗಿಂತ ಮೊದಲೇ ತಾನು ಚಿಂವ್ ಅನ್ನುತ್ತಿದ್ದಳು. ಹಾಗೆ ಮಗಳು ಗುಬ್ಬಿಯಾದಳು, ಅವಳಿಂದ ಕತ್ತರಿಯೂ ಗುಬ್ಬಿಯಾಯಿತು. ತಿರುಪಿನ ಪಕ್ಕದಲ್ಲಿ ಉಗುರಿನಷ್ಟು ಅಗಲದ ಒಂದು ಹಕ್ಕಿ, ಅದರ ಕೆಳಗೆ ಹೆಸರು. ಆ ಮುದ್ರೆ ನೋಡಿಯೇ ಜನ ಕೊಳ್ಳುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಕಾರ್ಖಾನೆಯಲ್ಲಿ ತನಗೂ ಒಂದು ಪಾಲು ಬೇಕು ಎಂದು ಅವಳು ಕೇಳಿದಳು. ಓದು ಬಿಟ್ಟು, ಹರೆಯವನ್ನೆಲ್ಲ ತಿರುಪು ಬಿಗಿಯುತ್ತ ಕಳೆದಿದ್ದಳು, ಕೇಳಬಾರದೇ? ಅಣ್ಣ ಕೆಲಸಗಾರರೆಲ್ಲರ ಎದುರಿಗೇ ನಕ್ಕುಬಿಟ್ಟ.

"ಇಲ್ಲಿ ನಿಂದು ಅನ್ನೋದು ಏನಿದೆಯೇ? ಹೆಸರೊಂದು ನಿಂದು. ಬೇಕಿದ್ರೆ ಅದನ್ನ ಕಟ್ಕೊಂಡು ಹೋಗು."

ಕೆಲಸಗಾರರೂ ನಕ್ಕರು. ಸಂಬಳ ಕೊಡುವವನು ನಕ್ಕಾಗ ನಗದೆ ಇರುವುದಕ್ಕಾಗುತ್ತದೆಯೇ? ಗುಬ್ಬಿ ಮಾತ್ರ ಅತ್ತಳು, ಅದೂ ಹೊರಗೆ ಬಂದ ಮೇಲೆ. ಆ ನಗುವನ್ನು ಅವಳು ಮರೆಯಲಿಲ್ಲ. ಕಡಲು ದಾಟಿ ಇಲ್ಲಿಗೆ ಬಂದು, ಸಗಟು ಅಂಗಡಿಯೊಂದರಲ್ಲಿ ದುಡಿದು, ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ಮಾಡಿದ ಮೊದಲ ಕೆಲಸ ಯಾವುದು ಗೊತ್ತೇ? ಮೈಗೊಂದು ಒಳ್ಳೆಯ ಕೋಟು ಕೊಳ್ಳಲಿಲ್ಲ. ಟ್ರೇಡ್‌ಮಾರ್ಕ್ ಕಚೇರಿಗೆ ಹೋಗಿ, ಆ ಹೆಸರನ್ನೂ ಹಕ್ಕಿಯನ್ನೂ ಈ ದೇಶದ ಮಟ್ಟಿಗೆ ತನ್ನ ಹೆಸರಿಗೆ ಮಾಡಿಸಿಕೊಂಡಳು. ಕಟ್ಟಿಕೊಂಡು ಹೋಗು ಅಂದಿದ್ದನಲ್ಲ, ಕಟ್ಟಿಕೊಂಡಳು. ಆ ಪತ್ರಕ್ಕೆ ಚೌಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿ, ಕಾಯುತ್ತ ಕೂತಳು.

ಕಾಲವೂ ಅವಳ ಕಡೆಗೆ ತಿರುಗಿತು. ಅಲ್ಲಿ ಊರಿನ ಕಡೆ ಪೇಟೆ ಬಿದ್ದಿತು. ಹೊಲಿಗೆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲೆಳೆದುಕೊಂಡವು, ನಾಣ್ಯದ ಬೆಲೆ ದಿನದಿನಕ್ಕೆ ಇಳಿಯಿತು, ಬ್ಯಾಂಕಿನವರು ಫೋನು ಎತ್ತುವುದನ್ನೇ ಬಿಟ್ಟರು. ಊರಿನಲ್ಲಿ ಮಾರಿ ಬದುಕುವ ಹಾಗಿಲ್ಲ, ಹೊರದೇಶವೇ ಗತಿ ಎಂದು ಅಣ್ಣ ತೀರ್ಮಾನಿಸಿದ. ಹೊಲಿಗೆ ಶಾಲೆಗಳಿಗೆ ಸಾಮಾನು ಒದಗಿಸುವ ಇಲ್ಲಿಯ ದೊಡ್ಡ ವ್ಯಾಪಾರಿಯೊಬ್ಬನನ್ನು ಹಿಡಿದ. ಉಳಿದದ್ದನ್ನೆಲ್ಲ ಸುರಿದು ಮೊದಲ ಸರಕನ್ನು ಹಡಗಿಗೆ ಹಾಕಿದ. ಎಲ್ಲ ಸರಿ, ಹೆಸರು ಈ ದೇಶದಲ್ಲಿ ಯಾರದು ಎಂದು ಮಾತ್ರ ವಿಚಾರಿಸಲಿಲ್ಲ. ನಮ್ಮ ಮನೆ ಹೆಸರು, ಅದನ್ನು ಯಾರು ಎತ್ತಿಕೊಂಡು ಹೋಗುತ್ತಾರೆ ಎಂಬ ಧೈರ್ಯ. ತಾನೇ ಎತ್ತಿ ಕೊಟ್ಟಿದ್ದು ಆ ಪುಣ್ಯಾತ್ಮನಿಗೆ ನೆನಪೇ ಇರಲಿಲ್ಲ.

ಸರಕು ಬಂದರಿನಲ್ಲಿ ನಿಂತಿತು. ಹೆಸರಿನ ಒಡೆಯರ ಒಪ್ಪಿಗೆ ತನ್ನಿ ಎಂದು ಅಧಿಕಾರಿಗಳು ವಿಳಾಸ ಕೊಟ್ಟರು. ಆ ವಿಳಾಸ ಹಿಡಿದುಕೊಂಡು, ಇಸ್ತ್ರಿ ಕೆಟ್ಟ ಸೂಟಿನಲ್ಲಿ, ಅಣ್ಣ ಅಂಗಡಿಯ ಬಾಗಿಲಿಗೆ ಬಂದ. ಗಲ್ಲಾದ ಹಿಂದೆ ಕೂತವಳನ್ನು ಕಂಡು ಅವನ ಮುಖ ಮೊದಲು ಅರಳಿತು, ಆಮೇಲೆ ಮೇಲಿದ್ದ ಚೌಕಟ್ಟನ್ನು ನೋಡಿ ಬಿಳುಚಿಕೊಂಡಿತು. ಅದನ್ನು ನೋಡಿ ಗುಬ್ಬಿಯ ಹೊಟ್ಟೆ ತಣ್ಣಗಾಯಿತು. ಇಷ್ಟು ವರ್ಷ ಉಂಡ ಯಾವ ಊಟವೂ ಅಷ್ಟು ರುಚಿಸಿರಲಿಲ್ಲ. ಅಷ್ಟರಲ್ಲಿ ಅಣ್ಣ ಹೇಗೋ ನಗು ತಂದುಕೊಂಡ.

"ಗುಬ್ಬೀ! ನೀನೇನೇ? ಅಬ್ಬ, ಬದುಕಿದೆ ಕಣೇ. ಯಾರೋ ಹೊರಗಿನವ್ರು ಅಂದ್ಕೊಂಡು ಎದೆ ಒಡ್ದುಹೋಗಿತ್ತು."

"ಕೂತ್ಕೋ ಅಣ್ಣ."

"ನಿಮ್ಮತ್ತಿಗೆ ದಿನಾ ನಿನ್ನ ಕೇಳ್ತಿರ್ತಾಳೆ."

ಅತ್ತಿಗೆ ಏನನ್ನಾದರೂ ಕೇಳುತ್ತಾಳೆಯೇ ಹೊರತು ಯಾರನ್ನೂ ಕೇಳುವವಳಲ್ಲ ಎಂದು ಗುಬ್ಬಿಗೆ ಗೊತ್ತಿತ್ತು. ಸುಮ್ಮನೆ ನಕ್ಕಳು.

"ಒಂದು ಸಹಿ ಹಾಕ್ಬಿಡೇ. ಇಲ್ಲಿ ವ್ಯಾಪಾರ ಕುದುರಿದ್ರೆ ನಿನಗೂ ಪಾಲು. ಅರ್ಧ ಬೇಕಾದ್ರೂ ತಗೋ."

ಅಂದು ಕೇಳಿದ್ದು ಇದನ್ನೇ ಅಲ್ಲವೇ? ಅರ್ಧವನ್ನೂ ಕೇಳಿರಲಿಲ್ಲ. ಗುಬ್ಬಿಯ ಒಳಗೆ ಬೆಂಕಿ ಬಿತ್ತು, ದನಿ ಮಾತ್ರ ತಣ್ಣಗೇ ಇತ್ತು.

"ಪಾಲು ಬೇಡ ಅಣ್ಣ. ಅಲ್ಲಿ ನಂದು ಅನ್ನೋದು ಏನಿದೆ? ಹೆಸರೊಂದು ನಂದು. ಅದನ್ನ ಮಾತ್ರ ಕೊಡಲ್ಲ."

ಈಗ ಅವನಿಗೆ ತಾನು ಅಂದು ಆಡಿದ ಮಾತು ನೆನಪಾಯಿತು. ಕುರ್ಚಿಯಲ್ಲೇ ಕುಗ್ಗಿದ. ಸರಕು ವಾಪಸು ಹೋದರೆ ಕಾರ್ಖಾನೆ ಮುಚ್ಚುತ್ತದೆ, ಅಪ್ಪನ ಕಾಲದವರೆಲ್ಲ ಬೀದಿಗೆ ಬೀಳುತ್ತಾರೆ ಎಂದು ಗೋಗರೆದ. ಗುಬ್ಬಿ ಅದನ್ನೂ ಮೊದಲೇ ಯೋಚಿಸಿಟ್ಟಿದ್ದಳು. ಅವಳಿಗೆ ಯಾರ ಹೊಟ್ಟೆಯ ಮೇಲೂ ಹೊಡೆಯಬೇಕಾಗಿರಲಿಲ್ಲ. ಇವನೊಬ್ಬನ ಮೂಗು ನೆಲಕ್ಕೆ ತಾಗಿದರೆ ಸಾಕಿತ್ತು.

"ಸರಕು ಇಲ್ಲಿಗೆ ತರೋಕೆ ಒಪ್ಪಿಗೆ ಕೊಡ್ತೀನಿ. ಹಿಂದೆ ಸಾಣೆ ಇದೆ. ಒಂದೊಂದು ಕತ್ತರಿ ಮೇಲಿರೋ ಮುದ್ರೆನೂ ಉಜ್ಜಿ ಅಳಿಸು. ಆಮೇಲೆ ಹೆಸರಿಲ್ಲದ ಕತ್ತರಿ ಅಂತ ಮಾರ್ಕೋ. ಕೂಲಿಯವರನ್ನ ಕರೆಯೋ ಹಾಗಿಲ್ಲ. ನೀನೇ ಕೂತು ಮಾಡ್ಬೇಕು."

"ಹುಚ್ಚು ಹಿಡ್ದಿದೆಯೇನೇ ನಿನಗೆ? ಆ ಗುರುತಿಗೇ ಅಲ್ವೇನೇ ಬೆಲೆ!"

"ಹೌದಲ್ವಾ? ಅವತ್ತು ಇರ್ಲಿಲ್ಲ ನೋಡು."

ಅವನು ಫೋನು ಹಿಡಿದು ಹೊರಗೆ ಅಡ್ಡಾಡಿದ. ಹೆಸರಿಲ್ಲದಿದ್ದರೂ ಸರಿ, ಬೆಲೆ ಇಳಿಸಿದರೆ ತೆಗೆದುಕೊಳ್ಳುತ್ತೇನೆ ಎಂದು ವ್ಯಾಪಾರಿ ಹೇಳಿರಬೇಕು. ಒಳಗೆ ಬಂದವನು ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದ.

ಅಪ್ಪ ಹೋದ ಮೇಲೆ ಅವನು ಸಾಣೆ ಮುಟ್ಟಿರಲಿಲ್ಲ. ಮೊದಮೊದಲು ಅಲಗು ಜಾರಿ ಬೆರಳುಗಳೆಲ್ಲ ಗಾಯ. ಕಿಡಿ ಹಾರಿ ಬಿಳಿ ಅಂಗಿಗೆ ಚುಕ್ಕೆ ಚುಕ್ಕೆ ತೂತು. ಗುಬ್ಬಿ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡಿದಳು. ಹಕ್ಕಿಯ ರೆಕ್ಕೆ ಅಳಿಯಿತು, ಕೊಕ್ಕು ಅಳಿಯಿತು, ಹೆಸರೂ ಅಳಿಯಿತು. ಒಂದೊಂದು ಅಳಿದಾಗಲೂ ಆ ದಿನ ನಕ್ಕ ಒಂದೊಂದು ಮುಖ ಅವಳ ಕಣ್ಣ ಮುಂದೆ ಬಂದು ಹೋಗುತ್ತಿತ್ತು. ಖುಷಿಯೆಂದರೆ ಖುಷಿ. ಸುಳ್ಳೇಕೆ ಹೇಳಬೇಕು?

ಕೆಲಸ ಮುಗಿಯಲು ಒಂದು ವಾರ ಹಿಡಿಯಿತು. ಕೊನೆಯ ಪೆಟ್ಟಿಗೆಯ ಹೊತ್ತಿಗೆ ಅವನ ಕೈ ಪಳಗಿತ್ತು. ಮುದ್ರೆ ಅಳಿಸಿದ ಕತ್ತರಿಯನ್ನು, ತನಗೇ ಗೊತ್ತಿಲ್ಲದ ಹಾಗೆ, ಕಿವಿಯ ಹತ್ತಿರ ಹಿಡಿದು ಮುಚ್ಚಿ ನೋಡುತ್ತಿದ್ದ, ಥೇಟ್ ಅಪ್ಪನ ಹಾಗೆ. ಚಿಂವ್ ಅಂದಿತು. ಅವನ ಮುಖದಲ್ಲಿ ನಗು ಬಂತು. ಉಕ್ಕಿನ ಪುಡಿ ಗಂಟಲಿಗೆ ಸೇರಿ ಕೆಮ್ಮು ಹತ್ತಿತು. ಚಕ್ರದಿಂದ ಕಣ್ಣು ತೆಗೆಯದೆ, ಚಿಕ್ಕಂದಿನ ಅಭ್ಯಾಸದಲ್ಲಿ ಕೂಗಿದ:

"ಗುಬ್ಬೀ, ಒಂಚೂರು ನೀರು ಕೊಡೇ."

ಅವನು ಹೀಗೆ ಮೈಮರೆತು ಕರೆಯಲಿ ಎಂದೇ ಅವಳು ಉತ್ತರವನ್ನು ಹರಿತ ಮಾಡಿಟ್ಟಿದ್ದಳು.

"ಆ ಹೆಸರು ರಿಜಿಸ್ಟರ್ ಆಗಿದೆ ಅಣ್ಣ. ಬಳಸೋದಾದ್ರೆ ಒಪ್ಪಿಗೆ ಬೇಕು."

ಚಕ್ರ ತಿರುಗುತ್ತಲೇ ಇತ್ತು. ಅವನು ಅದನ್ನು ನಿಲ್ಲಿಸಿ ಅವಳ ಕಡೆ ತಿರುಗಿದ. ಬೈಯುತ್ತಾನೆ, ಅಳುತ್ತಾನೆ, ಎರಡಕ್ಕೂ ಅವಳು ಸಿದ್ಧಳಾಗಿದ್ದಳು.

"ಸರಿ," ಅಂದ. "ಮೇಡಂ, ಸ್ವಲ್ಪ ನೀರು ಸಿಗುತ್ತಾ?"

ಅವಳು ತಂದುಕೊಟ್ಟಳು. ಅವನು ಕುಡಿದು, ಲೋಟ ತೊಳೆದಿಟ್ಟು, ಉಳಿದ ಕತ್ತರಿಗಳನ್ನು ಮುಗಿಸಿದ. ಸಂಜೆ ವ್ಯಾಪಾರಿಯ ಗಾಡಿ ಬಂದು ಪೆಟ್ಟಿಗೆಗಳನ್ನು ತುಂಬಿಕೊಂಡು ಹೋಯಿತು. ಬಾಗಿಲಲ್ಲಿ ಅಣ್ಣ ಕೈ ಮುಗಿದು, "ಬರ್ತೀನಿ ಮೇಡಂ" ಅಂದ. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಅವಳು ಜಗಳಕ್ಕಾದರೂ ನಿಲ್ಲುತ್ತಿದ್ದಳು.

ಗೆದ್ದಿದ್ದಳು. ಪಶ್ಚಾತ್ತಾಪವೇನೂ ಆಗಲಿಲ್ಲ, ಇನ್ನೊಮ್ಮೆ ಅವಕಾಶ ಸಿಕ್ಕಿದರೂ ಹೀಗೆಯೇ ಮಾಡುವವಳು ಅವಳು. ಆದರೆ ಅಪ್ಪ ಇಲ್ಲ, ಅಮ್ಮ ಇಲ್ಲ, ಈ ಬೀದಿಯವರಿಗೆ ಅವಳು ಬರೀ ಸಾಣೆಯವಳು. ಆ ಹೆಸರು ಹಿಡಿದು ಕೂಗುವ ಬಾಯಿ ಭೂಮಿಯ ಮೇಲೆ ಉಳಿದಿದ್ದದ್ದು ಒಂದೇ ಒಂದು.

ಅಂಗಡಿ ಮುಚ್ಚುವ ಮೊದಲು ಸಾಣೆಯ ಕೆಳಗಿನ ಪುಡಿಯನ್ನೆಲ್ಲ ಗುಡಿಸಿ ಒಂದು ಡಬ್ಬಿಗೆ ತುಂಬಿದಳು. ಅದನ್ನು ಎಸೆಯಲು ಮಾತ್ರ ಕೈ ಬರಲಿಲ್ಲ.