ನೋಂದಾಯಿತ ಗ್ರಾಹಕರೇ ಮಾತಾಡಬೇಕು

ಬಸ್ ನಿಲ್ದಾಣದಲ್ಲಿ ಜೀವಮಾನವೆಲ್ಲ ಅನೌನ್ಸರ್ ಆಗಿದ್ದವರಿಗೆ ಗಂಟಲಿನ ಕ್ಯಾನ್ಸರ್ ಬಂದಾಗ, ಹೀಗಾಗಬಾರದಿತ್ತು ಎಂದು ಎಲ್ಲರೂ ಲೊಚಗುಟ್ಟಿದರು. ಹೆಂಡತಿಯ ತಮ್ಮ ಮಾತ್ರ, ಅಷ್ಟು ವರ್ಷ ಕಿರುಚಿದ್ದಕ್ಕೆ ಇದು ಪಿಂಚಣಿ ಎಂದ. ಭಾವ ಭಾವಮೈದುನರಿಗೆ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ.

ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದ ಮೇಲೆ ಮಗಳು ಎಲ್ಲೆಲ್ಲೋ ವಿಚಾರಿಸಿ ಒಂದು ಸಾಫ್ಟ್‌ವೇರ್ ತರಿಸಿದಳು. ಆಪರೇಷನ್ನಿಗೆ ಮೊದಲು ಅದು ಕೊಟ್ಟ ವಾಕ್ಯಗಳನ್ನೆಲ್ಲ ಮೈಕಿಗೆ ಓದಿಟ್ಟರೆ, ಆಮೇಲೆ ಟೈಪ್ ಮಾಡಿದ್ದನ್ನು ಅದು ಅವರದೇ ಧ್ವನಿಯಲ್ಲಿ ಆಡುತ್ತಿತ್ತು. ಅವರು ಓದಿದರು. ಆದರೆ ಮೈಕ್ ಕಂಡರೆ ತಾನಾಗಿ ಬೆನ್ನು ನೆಟ್ಟಗಾಗುವ ಮನುಷ್ಯ. ಎಲ್ಲವನ್ನೂ ನಿಲ್ದಾಣದ ಧ್ವನಿಯಲ್ಲೇ ಓದಿಬಿಟ್ಟರು. ಹಾಗಾಗಿ ಆಪರೇಷನ್ ಆದ ಮೇಲೆ ಮನೆಯಲ್ಲಿ ಅವರು ಟವೆಲ್ ಕೇಳಿದರೂ ಪ್ರಯಾಣಿಕರ ಗಮನಕ್ಕೆ ಎಂದಂತಿರುತ್ತಿತ್ತು.

"ಯಾವ ಪ್ಲಾಟ್‌ಫಾರ್ಮಿಗೆ ತರ್ಲಿ?" ಎನ್ನುತ್ತಿದ್ದರು ಹೆಂಡತಿ.

ತಮಾಷೆಯಾಗಿ ಕಂಡರೂ ಆ ಮನೆ ನಿಂತದ್ದು ಆ ಧ್ವನಿಯ ಮೇಲೆ. ಹೆಂಡತಿಯ ಕಣ್ಣಿನ ನರ ಕೆಲವು ವರ್ಷಗಳಿಂದ ಸೊರಗುತ್ತ ಬಂದು, ಈಗ ಕಿಟಕಿ ಎಲ್ಲಿದೆ ಎಂಬುದಷ್ಟೇ ಅವರಿಗೆ ಕಾಣುತ್ತಿತ್ತು. ಗಂಡ ಸ್ಲೇಟಿನಲ್ಲಿ ಬರೆದದ್ದನ್ನು ಓದುವಂತಿರಲಿಲ್ಲ. ಅವರಿಗೆ ಮಾತಿಲ್ಲ, ಇವರಿಗೆ ನೋಟವಿಲ್ಲ. ನಡುವೆ ಮೇಜಿನ ಮೇಲೊಂದು ಸ್ಪೀಕರ್. ಇಬ್ಬರೂ ಅದರ ಮೂಲಕ ಹಿಂದಿನಷ್ಟೇ ಜಗಳವಾಡುತ್ತಿದ್ದರು. ಮಾತಾಡುವಾಗ ಹೆಂಡತಿ ಗಂಡನ ಕುರ್ಚಿಯ ಕಡೆ ತಿರುಗುವುದನ್ನೂ ಬಿಟ್ಟು ಸ್ಪೀಕರಿನ ಕಡೆ ಮುಖ ಮಾಡುತ್ತಿದ್ದರು.

ಒಂದು ದಿನ ಮೇಜಿನ ಕೆಳಗಿನ ಹಳೆಯ ಕಂಪ್ಯೂಟರ್ ಡಬ್ಬಿ ಸುಟ್ಟ ರಬ್ಬರಿನ ವಾಸನೆ ಬಿಟ್ಟು ಆರಿಹೋಯಿತು. ರಿಪೇರಿಯವನು ಬಂದು, ಮುಚ್ಚಳ ತೆಗೆದು, ಒಳಗೆ ಊದಿ, ಎದ್ದ ಧೂಳಿಗೆ ತಾನೇ ಸೀನಿದ. ಡಿಸ್ಕ್ ಉಳಿದಿದೆ, ಉಳಿದದ್ದೆಲ್ಲ ಹೋಗಿದೆ ಎಂದ. ಮಗಳು ತನ್ನ ಲ್ಯಾಪ್‌ಟಾಪನ್ನೇ ತಂದುಕೊಟ್ಟಳು. ಬೆಳ್ಳಗೆ, ತೆಳ್ಳಗೆ, ಮುಟ್ಟಿದರೆ ಬೆರಳಚ್ಚು ಬೀಳುವಂಥದು. ಸಾಫ್ಟ್‌ವೇರನ್ನು ಅದಕ್ಕೆ ಹಾಕಲು ಹೋದರೆ, ಈ ಕಡತವನ್ನು ತೆರೆಯಲಾಗದು ಎಂದು ಅದು ಮರ್ಯಾದೆಯಿಂದಲೇ ಹೇಳಿತು. ಹಳೆಯದರ ಆಪರೇಟಿಂಗ್ ಸಿಸ್ಟಮ್ ಒಂದು ಜಾತಿ, ಇದರದು ಇನ್ನೊಂದು. ಎರಡಕ್ಕೂ ಕೊಟ್ಟು ತರುವ ಸಂಬಂಧವಿಲ್ಲ ಎಂದು ರಿಪೇರಿಯವನು ವಿವರಿಸಿದ.

"ಹಾಗಾದ್ರೆ ದಾರಿಯೇ ಇಲ್ವಾ?" ಎಂದು ಹೆಂಡತಿ ಕೇಳಿದರು.

"ಇದೆ ಅಮ್ಮ. ಇದ್ರೊಳಗೇ ಒಂದು ಸುಳ್ಳು ಕಂಪ್ಯೂಟರ್ ಮಾಡ್ತೀನಿ. ನಿಮ್ ಸಾಫ್ಟ್‌ವೇರು ತನ್ನ ಹಳೇ ಮನೇಲೇ ಇದ್ದೀನಿ ಅಂದ್ಕೊಂಡು ಕೆಲ್ಸ ಮಾಡುತ್ತೆ. ಪಾಪ, ಅದಕ್ಕೇನು ಗೊತ್ತಾಗುತ್ತೆ?"

ಅದಕ್ಕೆ ಗೊತ್ತಾಯಿತು. ಸುಳ್ಳು ಕಂಪ್ಯೂಟರಿನ ಕಿಟಕಿ ತೆರೆಯಿತು, ಅದರೊಳಗೆ ಸಾಫ್ಟ್‌ವೇರ್ ಕೂಡ ತೆರೆಯಿತು, ಅನೌನ್ಸರರ ಹೆಸರನ್ನೂ ತೋರಿಸಿತು. ಆಮೇಲೆ, ಯಂತ್ರ ಬದಲಾದಂತಿದೆ, ಲೈಸೆನ್ಸ್ ವರ್ಗಾವಣೆಗೆ ಸಹಾಯವಾಣಿಗೆ ಫೋನ್ ಮಾಡಿ ಎಂದು ನಿಂತಿತು. ಅಲ್ಲಿಯವರೆಗೆ ಬಿಟ್ಟಿ ಸಿಗುವ ಬೇರೆ ಧ್ವನಿಯೊಂದನ್ನು ಹಾಕಿಕೊಡುತ್ತೇನೆಂದು ರಿಪೇರಿಯವನು ಅದರಲ್ಲಿ ಒಂದೆರಡು ವಾಕ್ಯ ಆಡಿಸಿದ. ಹೆಂಡತಿ ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು, ಯಾರೋ ಗಂಡಸಿನ ಜೊತೆ ಸಂಸಾರ ಮಾಡೋ ವಯಸ್ಸಲ್ಲ ನಂದು ಎಂದು ಎದ್ದುಹೋದರು.

ಸಹಾಯವಾಣಿಗೆ ಮೊದಲು ಫೋನ್ ಮಾಡಿದ್ದು ಮಗಳು. ಆ ಕಡೆಯ ಹುಡುಗಿ ಬಹಳ ಒಳ್ಳೆಯವಳು. ನೋಂದಾಯಿತ ಗ್ರಾಹಕರೇ ಮಾತಾಡಬೇಕು ಎಂದಳು. ಅವರಿಗೆ ಮಾತು ಬರುವುದಿಲ್ಲ, ಅದಕ್ಕೇ ಈ ಸಾಫ್ಟ್‌ವೇರ್ ಎಂದರೆ, ಅರ್ಥವಾಗುತ್ತೆ ಮೇಡಂ, ಆದರೂ ಗ್ರಾಹಕರೇ ಮಾತಾಡಬೇಕು ಎಂದಳು. ಮಗಳು ಡಾಕ್ಟರ ಪತ್ರ ತರುತ್ತೇನೆಂದು ಆಸ್ಪತ್ರೆಗೆ ಹೊರಟಳು.

ಆ ಹೊತ್ತಿಗೇ ಹೆಂಡತಿಯ ತಮ್ಮ ಬಂದದ್ದು. ಅಕ್ಕ ಕಣ್ಣೊರೆಸಿಕೊಳ್ಳುವುದನ್ನು ಕಂಡು ಅವನಿಗೆ ಉಪಕಾರ ಮಾಡುವ ಹುಕಿ ಹುಟ್ಟಿತು. ಪತ್ರಗಿತ್ರ ಯಾಕೆ, ಸಹಾಯವಾಣಿಯವರಿಗೆ ಬೇಕಾದ್ದು ಒಂದು ಗಂಡಸಿನ ಧ್ವನಿ ತಾನೇ ಎಂದು ಫೋನ್ ತೆಗೆದುಕೊಂಡ. ಅನೌನ್ಸರ್ ಬೇಡವೆಂದು ಕೈಯಾಡಿಸಿದರು. ಕೈಯಾಡಿಸುವುದು ಹೆಂಡತಿಗೆ ಕಾಣಲಿಲ್ಲ, ಕಣ್ಣಿದ್ದವನು ನೋಡಲಿಲ್ಲ.

ತನ್ನ ಹೆಸರೆಂದು ಭಾವನ ಹೆಸರು ಹೇಳಿದ. ಹುಟ್ಟಿದ ತಾರೀಖು ಅಕ್ಕನಿಂದ ಕೇಳಿ ಹೇಳಿದ. ಕೆಮ್ಮಿದ್ದೂ ಭಾವನ ಹಾಗೆಯೇ. ತಮಗೆ ಜನ್ಮದಲ್ಲಿ ಆಗದ ಮನುಷ್ಯ ತಮ್ಮ ಹೆಸರಿನಲ್ಲಿ ಮಾತಾಡುವುದನ್ನು ಅನೌನ್ಸರ್ ಎದುರು ಕೂತು ಕೇಳಿದರು. ಎಲ್ಲ ಸರಿಯಿದೆ ಸರ್ ಎಂದಳು ಹುಡುಗಿ. ಫೋನಿನ ಸ್ಪೀಕರ್ ಹಾಕಿದ್ದರಿಂದ ಮುಂದಿನದು ಎಲ್ಲರಿಗೂ ಕೇಳಿಸಿತು.

"ಆದ್ರೆ ಸರ್, ಇದು ಮಾತು ಹೋದವರಿಗೆ ಮಾತ್ರ ಕೊಡೋ ಲೈಸೆನ್ಸು. ನೀವು ಮಾತಾಡ್ತಿದ್ದೀರಲ್ಲ?"

"ಈಗ... ಮೊನ್ನೆ ಬಂತು," ಎಂದ ಭಾವಮೈದುನ.

"ತುಂಬಾ ಸಂತೋಷ ಸರ್," ಎಂದಳು ಅವಳು, ನಿಜವಾದ ಸಂತೋಷದಿಂದಲೇ.

ಲ್ಯಾಪ್‌ಟಾಪಿನ ಪರದೆಯ ಮೇಲೆ, ಸುಳ್ಳು ಕಂಪ್ಯೂಟರಿನ ಪುಟ್ಟ ಕಿಟಕಿಯೊಳಗೆ, ಅನೌನ್ಸರರ ಹೆಸರಿದ್ದ ಸಾಲು ಬೂದು ಬಣ್ಣಕ್ಕೆ ತಿರುಗಿತು. ಮಗಳು ತಂದ ಡಾಕ್ಟರ ಪತ್ರಕ್ಕೆ ಕೆಲವು ದಿನಗಳ ನಂತರ ಉತ್ತರ ಬಂತು. ಗ್ರಾಹಕರು ಗುಣಮುಖರಾಗಿರುವುದನ್ನು ಸ್ವತಃ ತಿಳಿಸಿದ್ದಾರೆ. ಸಂಭಾಷಣೆಯ ಧ್ವನಿಮುದ್ರಿಕೆ ನಮ್ಮಲ್ಲಿದೆ. ನಿಯಮದಂತೆ ನಮ್ಮ ಸರ್ವರಿನಲ್ಲಿದ್ದ ಅವರ ಧ್ವನಿಯ ಮಾದರಿಯನ್ನು ಅಳಿಸಲಾಗಿದೆ.

ಬಿಟ್ಟಿ ಧ್ವನಿಗೆ ಹೆಂಡತಿ ಕೊನೆಗೂ ಒಪ್ಪಲಿಲ್ಲ. ಈಗ ಆ ಮನೆಯಲ್ಲಿ ಆಕೆ ಒಬ್ಬರೇ ಇಬ್ಬರ ಮಾತನ್ನೂ ಆಡುತ್ತಾರೆ. ಗಂಡ ಲೋಟವನ್ನು ಮೇಜಿಗೆ ಒಮ್ಮೆ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಅಲ್ಲ. ಶುರುವಿನಲ್ಲಿ ಅವರು ಹೆಜ್ಜೆಹೆಜ್ಜೆಗೂ ಎರಡೆರಡು ಸಲ ತಟ್ಟಿದರು. ಆದರೆ ಅಲ್ಲ ಎಂದರೆ ಮತ್ತೇನು ಎಂಬುದನ್ನು ಲೋಟ ಹೇಳುವುದಿಲ್ಲ. ಹೆಂಡತಿ ಇನ್ನೊಂದು ಊಹಿಸಬೇಕು, ಮತ್ತೊಂದು, ಮಗದೊಂದು. ಕೊನೆಗೆ ಬೇಸತ್ತು ಅಳುತ್ತಾರೆ. ಬರಬರುತ್ತ ಗಂಡ ಎರಡು ಸಲ ತಟ್ಟುವುದು ಕಡಿಮೆಯಾಯಿತು. ಹೆಂಡತಿಯ ಬಾಯಲ್ಲಿ ಗಂಡ ದಿನೇದಿನೇ ಸಾಧುವಾಗುತ್ತ ಬಂದರು. ಅಡುಗೆ ಹೊಗಳುತ್ತಾರೆ, ಮಂಡಿನೋವು ವಿಚಾರಿಸುತ್ತಾರೆ, ತಪ್ಪಾಯಿತು ಎನ್ನುತ್ತಾರೆ. ಧ್ವನಿಯಿದ್ದಾಗ ಅಂಥ ಒಂದು ಮಾತೂ ಅವರ ಬಾಯಿಂದ ಬಿದ್ದದ್ದಿಲ್ಲ.

ಇವತ್ತು ಬೆಳಿಗ್ಗೆ ಆಕೆ ಚಹಾ ತಂದಿಟ್ಟು, ಅಭ್ಯಾಸಬಲದಿಂದ ಮೇಜಿನ ಆ ಮೂಲೆಗೆ, ಸ್ಪೀಕರ್ ಇದ್ದ ಜಾಗಕ್ಕೆ, ಮುಖಮಾಡಿ ಕೂತರು. ಅಲ್ಲೀಗ ಒಂದು ಚೌಕದಷ್ಟು ಧೂಳಿಲ್ಲದ ಮರ ಮಾತ್ರ ಉಳಿದಿದೆ. ಗಂಡ ಸದ್ದಾಗದಂತೆ ಕುರ್ಚಿಯನ್ನೆತ್ತಿ ಆ ಮೂಲೆಗೆ ಹೋಗಿ ಕೂತರು.

"ನನ್ ತಮ್ಮ ಪಾಪ, ಒಳ್ಳೇದಕ್ಕೇ ಅಂತ ಮಾಡಿದ್ದು ಕಣ್ರೀ," ಎಂದರು ಹೆಂಡತಿ. "ನಿಮಗೇನೂ ಅವನ ಮೇಲೆ ಸಿಟ್ಟಿಲ್ಲ. ಹೌದು ತಾನೇ?"

ಅವರು ಲೋಟವನ್ನೆತ್ತಿ ಒಂದು ಗುಟುಕು ಕುಡಿದರು. ಸಕ್ಕರೆ ಹಾಕಿರಲಿಲ್ಲ. ಆಕೆಯ ಮುಖ ಎದುರಿಗೇ ಇತ್ತು, ಕಾಯುತ್ತಿತ್ತು.

ಒಂದು ಸಲ ತಟ್ಟಿ, ಎರಡನೆಯ ಸಲ ತಟ್ಟದಂತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಂಗೊತ್ತಿತ್ತು," ಎಂದರು ಹೆಂಡತಿ. "ಚಹಾನೂ ಚೆನ್ನಾಗಿದೆ ಅಂತೀರಿ."